ಕೀ ಕಿತ್ತುಕೊಳ್ಳುವ ಗಾಳಿಯಕ್ಕ

ಪೂರ್ವ ಇನ್ನೂ ಬೆಳ್ಳಗಾಗಿಲ್ಲ. ಕಣಿವೆ ದಾರಿಯ ನೆತ್ತಿಯಲ್ಲಿರುವ ಪಂಕ್ಚರ್ ಅಂಗಡಿಯ ಮುಂದೆ ಹೆಂಗಸೊಬ್ಬರು ಟೈರು ಬಿಚ್ಚುವ ಕಬ್ಬಿಣದ ಪಟ್ಟಿ ಹಿಡಿದು ನೀರಿನ ತೊಟ್ಟಿಯನ್ನು ಕುಟ್ಟುತ್ತಿದ್ದಾರೆ. ಟ್ಯೂಬು ಮುಳುಗಿಸಿ ತೂತು ಹುಡುಕುವ ತೊಟ್ಟಿ ಅದು. ಮೇಲೆ ಗಾಜಿನ ಹಾಗೆ ಮಂಜುಗಡ್ಡೆ ಕಟ್ಟಿದೆ. ಒಡೆದ ಚೂರೊಂದನ್ನು ಎತ್ತಿ, ಬೆರಳ ಸಂದಿಯಲ್ಲಿ ಹಿಡಿದು ದಪ್ಪ ನೋಡುತ್ತಾರೆ.

"ಇವತ್ತು ದಪ್ಪ ಇದೆ ಕಣ್ರೀ. ಒಲೆ ಜೋರು ಮಾಡಿ," ಎಂದು ಒಳಗೆ ಕೂಗುತ್ತಾರೆ. "ಬರೋರು ನೆಟ್ಟಗೆ ಬರಲ್ಲ ಇವತ್ತು."

"ಬೆಳಗ್ಗೆ ಎದ್ದ ತಕ್ಷಣ ನಿನ್ನ ಬಾಯಲ್ಲಿ ಒಂದು ಒಳ್ಳೆ ಮಾತು ಬರಲ್ವಲ್ಲೇ," ಎಂದು ಒಳಗಿನಿಂದ ಗಂಡನ ದನಿ.

"ಒಳ್ಳೆ ಮಾತಾಡೋಕೆ ನೀವಿದ್ದೀರಲ್ಲ. ನಾನು ಒಲೆ ಮಾತಾಡ್ತೀನಿ."

ಇವರನ್ನು ಈ ದಾರಿಯವರೆಲ್ಲ ಕರೆಯುವುದು ಗಾಳಿಯಕ್ಕ ಎಂದು. ಚಕ್ರಕ್ಕೆ ಗಾಳಿ ತುಂಬುತ್ತಾರೆ, ಅದಕ್ಕೇ ಆ ಹೆಸರು. ಆದರೆ ಚಳಿಗಾಲದ ಬೆಳಗ್ಗೆ ಇವರ ಮೊದಲ ಕೆಲಸ ಗಾಳಿ ತುಂಬುವುದಲ್ಲ. ದೊಡ್ಡದೊಂದು ಹಳೇ ಟೈರನ್ನು ರಸ್ತೆಯ ಅಂಚಿಗೆ ಉರುಳಿಸಿಕೊಂಡು ಬಂದು, ಅದರ ಪಕ್ಕ ನಿಲ್ಲುತ್ತಾರೆ. ಲಾರಿ ಬಂದರೆ ಬಿಡುತ್ತಾರೆ, ಕಾರು ಬಂದರೆ ತಿರುಗಿಯೂ ನೋಡುವುದಿಲ್ಲ. ಎರಡು ಚಕ್ರದ್ದು ಬಂದರೆ ಮಾತ್ರ ಕೈ ಅಡ್ಡ ಹಿಡಿಯುತ್ತಾರೆ.

ಮೊದಲು ಬರುವುದು ಹಾಲಿನ ಕ್ಯಾನು ಸಾಗಿಸುವವನು. ಎರಡೂ ಬದಿಗೆ ಕ್ಯಾನು ನೇತುಹಾಕಿಕೊಂಡ ಬೈಕು ಬಸುರಿ ಎಮ್ಮೆಯ ಹಾಗೆ ಓಲಾಡುತ್ತ ಬಂದು ನಿಲ್ಲುತ್ತದೆ. ಅವನು ಮುಖಕ್ಕೆ ಸುತ್ತಿದ ಬಟ್ಟೆ ಕೆಳಗಿಳಿಸಿ, ಪಾಠ ಒಪ್ಪಿಸುವವನಂತೆ ನಿಲ್ಲುತ್ತಾನೆ.

"ಇವತ್ತಿಂದು ಏನಕ್ಕಾ?"

"ಹಳೇ ಟೈರು ಹೊರಳಿತು, ಹೊರಳಿ ಉರುಳಿತು, ಉರುಳಿ ಮರಳಿತು, ಮರಳಿ ನರಳಿತು. ಹೇಳು, ಒಂದೇ ಉಸಿರಿಗೆ."

ಅವನು ಹೊರಳುತ್ತಾನೆ, ಉರುಳುತ್ತಾನೆ, ನರಳಿದ ಮೇಲೆ ಮರಳುತ್ತಾನೆ.

"ತಲೆ ಹಿಂದುಮುಂದಾಗಿದೆ, ನಾಲಿಗೆ ನೆಟ್ಟಗಿದೆ. ಹೋಗು."

"ಅಕ್ಕಾ, ನಾನು ದಿನಾ ಹೆಂಡ್ತಿ ಮುಂದೆ ತೊದಲ್ತೀನಿ. ಅಲ್ಲಿಗೂ ಬಂದು ಕಂಬಳಿ ಹೊದಿಸ್ತೀಯಾ?"

"ಅದಕ್ಕೆ ಕಂಬಳಿ ಸಾಲಲ್ಲ. ಹೆಲ್ಮೆಟ್ ಹಾಕ್ಕೊಂಡೇ ಮನೆಯೊಳಗೆ ಹೋಗು."

ಓದುವವರಿಗೆ ಇದು ಮಕ್ಕಳಾಟದಂತೆ ಕಾಣಬಹುದು. ಆಟವಲ್ಲ. ಚಳಿಯಲ್ಲಿ ಬೈಕು ಓಡಿಸುವವನ ಮೈ ಒಳಗೊಳಗೇ ತಣ್ಣಗಾಗುತ್ತ ಬಂದಾಗ ಬೇಗ ಕೈಕೊಡುವುದು ನಾಲಿಗೆ. ಮಾತು ದಪ್ಪಗಾಗುತ್ತದೆ, ಅಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ವಿಚಿತ್ರವೆಂದರೆ ಅದು ಅವನಿಗೇ ಗೊತ್ತಾಗುವುದಿಲ್ಲ. ಕೇಳಿದರೆ ತಾನು ಕಲ್ಲುಗುಂಡಿನ ಹಾಗಿದ್ದೇನೆ ಎನ್ನುತ್ತಾನೆ. ಮುಂದಿನ ತಿರುವಿನಲ್ಲಿ ಬ್ರೇಕು ಹಿಡಿಯಬೇಕು ಎಂಬುದು ಅವನ ತಲೆಗೆ ಹೊಳೆಯುವಷ್ಟರಲ್ಲಿ ತಿರುವೇ ಮುಗಿದಿರುತ್ತದೆ. ಈ ನೆತ್ತಿಯಿಂದ ಆಚೆಗೆ ರಸ್ತೆ ಹಾವಿನ ಹಾಗೆ ಕೆಳಗಿಳಿಯುತ್ತದೆ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಬರೀ ಗಾಳಿ.

ದಿನಾ ಬರುವವರು ಒಂದೇ ಸಾಲನ್ನು ಬಾಯಿಪಾಠ ಮಾಡಿಬಿಡುತ್ತಾರೆ. ಬಾಯಿಪಾಠವಾದ ಮಾತನ್ನು ಅರೆ ಪ್ರಜ್ಞೆಯಲ್ಲೂ ಒದರಬಹುದು. ಅದಕ್ಕೇ ಗಾಳಿಯಕ್ಕ ದಿನಕ್ಕೊಂದು ಹೊಸ ಸಾಲು ಹೊಸೆಯುತ್ತಾರೆ. ನಿನ್ನೆಯದು 'ಬಿಳಿ ಬಸ್ಸಿನ ಬಲಬಾಗಿಲ ಬಳಿ ಬಳೆ ಬಿತ್ತು'. ಹುಟ್ಟಿನಿಂದಲೇ ತೊದಲುವ ಗಾರೆ ಮೇಸ್ತ್ರಿಯೊಬ್ಬರು ಈ ದಾರಿಯಲ್ಲಿ ಓಡಾಡುತ್ತಾರೆ. ಅವರಿಗೆ ಸಾಲು ಮಾಫಿ. ಅಂಗಿಯ ಕತ್ತಿನ ಗುಂಡಿ ಬಿಚ್ಚಿ ಮತ್ತೆ ಹಾಕಿ ತೋರಿಸಬೇಕು, ಅಷ್ಟೇ. ಬೆರಳು ಮಾತು ಕೇಳುತ್ತಿದ್ದರೆ ಮುಂದೆ ಹೋಗಬಹುದು.

ತೊದಲಿದವರನ್ನು ಒಳಗೆ ಕರೆಯುತ್ತಾರೆ. ಅಂಗಡಿಯೊಳಗೆ ಗಾಳಿ ತುಂಬುವ ಯಂತ್ರದ ಪಕ್ಕ ಒಲೆ, ಒಲೆಯ ಪಕ್ಕ ಬೆಂಚು, ಬೆಂಚಿನ ಮೇಲೆ ಕಂಬಳಿ. ಒದ್ದೆ ಬಟ್ಟೆ ತೆಗೆಸುತ್ತಾರೆ. ಮೊದಲು ಎದೆ, ಹೊಟ್ಟೆ ಬೆಚ್ಚಗಾಗಬೇಕು, ಕೈಕಾಲು ಆಮೇಲೆ. ನುಂಗುವಷ್ಟು ಎಚ್ಚರವಿದ್ದರೆ ಸಕ್ಕರೆ ಕದಡಿದ ಬಿಸಿನೀರು. ಕೈ ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು. ಯಾರಾದರೂ ಬೈಕಿನ ಡಿಕ್ಕಿಯಿಂದ ಶೀಷೆ ತೆಗೆದರೆ ಗಾಳಿಯಕ್ಕನ ಕೈಯಲ್ಲಿ ಕಬ್ಬಿಣದ ಪಟ್ಟಿ ಇದ್ದೇ ಇರುತ್ತದೆ. ಹೆಂಡ ಕುಡಿದವನಿಗೆ ಬಿಸಿಯಾದಂತೆ ಅನ್ನಿಸುತ್ತದೆ, ಒಳಗಿನ ಬಿಸಿಯೆಲ್ಲ ಚರ್ಮಕ್ಕೆ ಬಂದು ಹೊರಗೆ ಹೋಗುತ್ತದೆ. "ಮನೆಗೆ ಬೆಂಕಿ ಹಚ್ಕೊಂಡು ಚಳಿ ಕಾಯಿಸ್ಕೊಂಡಂಗೆ," ಎನ್ನುತ್ತಾರೆ.

ಕಳಿಸುವಾಗ ಬರಿಗೈಯಲ್ಲಿ ಕಳಿಸುವುದಿಲ್ಲ. ಅಂಗಿಗೂ ಕೋಟಿಗೂ ನಡುವೆ ಹಳೇ ಪತ್ರಿಕೆಯ ಹಾಳೆಗಳನ್ನು ಮಡಿಸಿ ತುರುಕುತ್ತಾರೆ. ಎದೆಗೆ ಬಡಿಯುವ ಗಾಳಿಗೆ ಕಾಗದ ಗೋಡೆಯಾಗುತ್ತದೆ. ಸಾಕ್ಸಿನ ಮೇಲೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಬೂಟು. ಹ್ಯಾಂಡಲ್‌ಗೆ ಇವರೇ ಹೊಲಿದ ಚೀಲಗಳಿವೆ. ಹೊರಗೆ ಲಾರಿಯ ಹಳೇ ಟ್ಯೂಬು, ಒಳಗೆ ಕಂಬಳಿಯ ತುಂಡು. ಹ್ಯಾಂಡಲ್ ಹಿಡಿಯಲು ಕೈಯನ್ನು ಅದರೊಳಗೆ ತೂರಿಸಬೇಕು. ಹಕ್ಕಿ ಗೂಡಿನಂತಿರುವುದರಿಂದ ಅದಕ್ಕೆ ಕೈಗೂಡು ಎಂದು ಹೆಸರಿಟ್ಟವರು ಇವರ ಗಂಡ. "ಇದನ್ನ ಹಾಕಿಸ್ಕೊಂಡ್ರೆ ಹೋದ ಕೆಲಸ ಕೈಗೂಡುತ್ತೆ," ಎಂದು ಗಿರಾಕಿಗಳಿಗೆ ಹೇಳಿ ತಾವೇ ಮೊದಲು ನಗುತ್ತಾರೆ.

ಆ ಗಂಡನ ಬಲಗೈಯನ್ನು ಒಮ್ಮೆ ನೋಡಬೇಕು. ಅಂಗೈ ಉಜ್ಜಿದ ಹಿತ್ತಾಳೆಯ ಹಾಗೆ ನುಣ್ಣಗೆ ಹೊಳೆಯುತ್ತದೆ. ಒಂದು ಗೆರೆ ಇಲ್ಲ. ಕಿರುಬೆರಳು, ಉಂಗುರದ ಬೆರಳು ಇಲ್ಲವೇ ಇಲ್ಲ. ಊರವರು ಅವರನ್ನು ಕ್ಲಚ್ಚಣ್ಣ ಎಂದು ಕರೆಯುತ್ತಾರೆ. ಆ ಹೆಸರಿನ ಹಿಂದಿನ ಕಥೆಯನ್ನು ಅವರು ನಗುತ್ತಲೇ ಹೇಳುತ್ತಾರೆ. 

ಆಗ ಅವರು ಕೆಳಗಿನ ಪೇಟೆಯಲ್ಲಿ ಮೆಕ್ಯಾನಿಕ್. ಬೆಳಗ್ಗೆ ಅಂಗಡಿ ತೆರೆಯುವ ಮುಂಚೆ ಪತ್ರಿಕೆಯ ಕಟ್ಟುಗಳನ್ನು ಬೈಕಿನಲ್ಲಿ ಹೇರಿಕೊಂಡು ಕಣಿವೆಯ ಆಚೆಗಿನ ಊರುಗಳಿಗೆ ಮುಟ್ಟಿಸುತ್ತಿದ್ದರು. ಬೆನ್ನ ಹಿಂದೆ ಆಳೆತ್ತರದ ಪತ್ರಿಕೆ ಇದ್ದರೂ ಒಂದು ಹಾಳೆಯನ್ನು ಎದೆಗಿಟ್ಟುಕೊಂಡವರಲ್ಲ. ಅದು ಬೇರೆಯವರ ಪತ್ರಿಕೆ, ಮಡಿಕೆ ಕೆಡಬಾರದು ಎಂಬ ನಿಯತ್ತು. ಆ ದಿನ ತುಂತುರು ಹನಿದು ಮೈ ಒದ್ದೆಯಾಗಿತ್ತು. ನೆತ್ತಿ ತಲುಪುವಷ್ಟರಲ್ಲಿ ಕೈಗಳಲ್ಲಿ ಸ್ಪರ್ಶವೇ ಇರಲಿಲ್ಲ. ಬೈಕು ನಿಲ್ಲಿಸಿ, ಈ ದಾರಿಯ ಎಲ್ಲ ಸವಾರರೂ ಮಾಡುವುದನ್ನೇ ಮಾಡಿದರು. ಕೈಗವಸು ಕಳಚಿ, ಕುಕ್ಕರಗಾಲಲ್ಲಿ ಕೂತು, ಬಿಸಿ ಸೈಲೆನ್ಸರ್ ಮೇಲೆ ಅಂಗೈ ಇಟ್ಟರು.

"ಏನೂ ಗೊತ್ತಾಗ್ಲಿಲ್ಲ ನೋಡಿ," ಎನ್ನುತ್ತಾರೆ ಕ್ಲಚ್ಚಣ್ಣ. "ಆಹಾ, ಇನ್ನೂ ಬಿಸಿಯೇ ಹತ್ತಿಲ್ಲವಲ್ಲ ಅಂತ ಒತ್ತಿ ಹಿಡ್ಕೊಂಡೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ಅಯ್ಯೋ, ಕ್ಲಚ್ ಪ್ಲೇಟ್ ಹೋಯ್ತಲ್ಲಪ್ಪಾ ಅಂತ ಬಗ್ಗಿ ಬಗ್ಗಿ ಇಂಜಿನ್ ನೋಡ್ತಾ ಇದ್ದೀನಿ. ಸುಡ್ತಾ ಇದ್ದದ್ದು ನಾನೇ."

ತನ್ನ ಕೈ ಸುಡುವ ವಾಸನೆಯನ್ನು ಹಿಡಿದುಕೊಂಡು ಮನುಷ್ಯ ಬೈಕಿನಲ್ಲಿ ದೋಷ ಹುಡುಕುತ್ತಿದ್ದ. ಇದನ್ನು ಎಷ್ಟು ಸಲ ಕೇಳಿದರೂ ನಂಬುವುದು ಕಷ್ಟ. ಆದರೆ ಆ ಬೆಳಗಿನ ನಿಜವಾದ ಆಘಾತ ಅದಲ್ಲ.

ನೆತ್ತಿಯಲ್ಲಿ ಒಂದು ಬಸ್ ತಂಗುದಾಣವಿದೆ. ಈಗಲೂ ಇದೆ, ಈ ಅಂಗಡಿಯ ಎದುರಿಗೇ. ಅಲ್ಲಿ ಮೊದಲ ಬಸ್ಸಿಗೆ ಕಾಯುತ್ತಿದ್ದವರ ಬಳಿಗೆ ಕ್ಲಚ್ಚಣ್ಣ ತೂರಾಡುತ್ತ ಹೋದರು. ಏನೋ ಹೇಳಲು ಬಾಯಿ ತೆರೆದರು, ಮಾತು ಉಂಡೆಯಾಗಿ ಹೊರಬಿತ್ತು. ಆಮೇಲೆ ಆ ಕೊರೆಯುವ ಚಳಿಯಲ್ಲಿ ಕೋಟು ಬಿಚ್ಚಿದರು. ಸ್ವೆಟರ್ ಬಿಚ್ಚಿದರು. ಅಂಗಿಯ ಗುಂಡಿಗೆ ಕೈಹಾಕಿದರು. ತಂಗುದಾಣದವರು ಬಿದ್ದು ಬಿದ್ದು ನಕ್ಕರು. ಬೆಳ್ಳಂಬೆಳಗ್ಗೆಯೇ ಏರಿಸಿದ್ದಾನೆ ಎಂದರು. ಒಬ್ಬ ಫೋನ್ ತೆಗೆದು ವಿಡಿಯೋ ಮಾಡಿದ. ಬಸ್ಸು ಬಂತು, ಎಲ್ಲರೂ ಹತ್ತಿ ಹೋದರು. ಸಾಯುತ್ತಿದ್ದ ಮನುಷ್ಯ ಬನಿಯನ್ನಿನಲ್ಲಿ ಕಲ್ಲುಬೆಂಚಿನ ಮೇಲೆ ಮಲಗಿದ. ಹಿಂದೆ ಬಂದ ಲಾರಿಯ ಡ್ರೈವರ್ ಒಬ್ಬ ಇಳಿದು ನೋಡದಿದ್ದರೆ ಈ ಲೇಖನಕ್ಕೆ ಕಾರಣವೇ ಇರುತ್ತಿರಲಿಲ್ಲ.

ವಿಡಿಯೋ ಲಾರಿಗಿಂತ ಬೇಗ ಪೇಟೆ ತಲುಪಿತ್ತು. ಗಾಳಿಯಕ್ಕ ಅಂಗಡಿಯ ಬಾಗಿಲು ಎತ್ತುತ್ತಿದ್ದಾಗ ಪಕ್ಕದ ಅಂಗಡಿಯವನು ಮುಖ ಸರಿಯಾಗಿ ಗಮನಿಸದೆ ಫೋನು ತೋರಿಸಿ, "ನೋಡಕ್ಕ, ಈ ಕುಡುಕನ ಮಜಾ," ಎಂದ. ಪರದೆಯ ಮೇಲೆ ಬಟ್ಟೆ ಬಿಚ್ಚುತ್ತಿದ್ದವರು ಇವರ ಗಂಡ.

"ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದೋರಲ್ಲ," ಎನ್ನುವಾಗ ಗಾಳಿಯಕ್ಕನ ದನಿ ಈಗಲೂ ಗಟ್ಟಿಯಾಗುತ್ತದೆ. "ಯಾಕೆ ಬಟ್ಟೆ ಬಿಚ್ತಿದ್ದಾರೆ ಅಂತ ತಲೆಗೇ ಹೋಗ್ಲಿಲ್ಲ. ಹುಚ್ಚು ಹಿಡೀತು ಅಂದ್ಕೊಂಡೆ. ಆಸ್ಪತ್ರೇಲಿ ಡಾಕ್ಟರಮ್ಮ ಕೂರಿಸ್ಕೊಂಡು ಹೇಳಿದ್ರು. ಮೈ ತೀರಾ ತಣ್ಣಗಾದಾಗ ಕೊನೆಗೊಂದು ಸಲ ಸೆಕೆ ಆದಂಗೆ ಅನ್ಸುತ್ತಂತೆ. ಬಟ್ಟೆ ಬೇಡ ಅನ್ಸುತ್ತಂತೆ. ನಡುಗ್ತಾ ಇದ್ರೆ ಇನ್ನೂ ಪರವಾಗಿಲ್ಲ, ನಡುಕ ನಿಂತು 'ಬೆಚ್ಚಗಿದೆ' ಅಂದ್ರೆ ಒಂದು ನಿಮಿಷ ತಡ ಮಾಡ್ಬೇಡಿ ಅಂದ್ರು."

ಕಂಬಳಿ ಹೊದ್ದು ಕೂತವರು ಹಾಯಾಗಿ ಆಡುವ ಮಾತು 'ಬೆಚ್ಚಗೆ'. ಅಂದಿನಿಂದ ಈ ಹೆಂಗಸು ಆ ಮಾತು ಕಿವಿಗೆ ಬಿದ್ದರೆ ಬೆಚ್ಚಿಬೀಳುತ್ತಾರೆ. ಮನೆಗೆ ಬಂದ ನೆಂಟರು "ಒಲೆ ಮುಂದೆ ಎಷ್ಟು ಬೆಚ್ಚಗಿದೆ" ಎಂದರೂ ಎದ್ದು ಹೋಗಿ ಅವರ ಕೈ ಮುಟ್ಟಿ ನೋಡುತ್ತಾರಂತೆ.

ಗಂಡನ ಕೈ ಮಾಯಲು ತಿಂಗಳುಗಳೇ ಹಿಡಿದವು. ಸ್ಪ್ಯಾನರ್ ಹಿಡಿಯುವ ಬಿಗಿ ಹೋಗಿತ್ತು, ಮೆಕ್ಯಾನಿಕ್ ಕೆಲಸ ಕೈಬಿಟ್ಟಿತು. ಅಲ್ಲಿಯವರೆಗೆ ಗಂಡನಿಗೆ ಟೈರು ಎತ್ತಿಕೊಡುತ್ತಿದ್ದ ಹೆಂಡತಿ ತಾವೇ ಟೈರು ಬಿಚ್ಚಲು ಕೂತರು. ಬೈಕು ತಂದವರು "ಯಜಮಾನ್ರು ಇಲ್ವಾ?" ಎಂದು ಕೇಳಿ ತಿರುಗಿ ಹೋಗುತ್ತಿದ್ದರು. "ನಾನೇನು ಮದುವೆ ಮಾಡ್ಕೊಳ್ತೀನಿ ಅಂದ್ನಾ, ಪಂಕ್ಚರ್ ಹಾಕ್ತೀನಿ ಅಂದೆ ಅಷ್ಟೇ," ಎಂದು ಒಬ್ಬನಿಗೆ ಮುಖಕ್ಕೆ ಹೊಡೆದಂತೆ ಹೇಳಿದ ಮೇಲೆ ಗಿರಾಕಿಗಳು ನಿಂತರು. ಅಂಗೈ ಬಿರಿಯಿತು, ಉಗುರು ಕಪ್ಪಾಯಿತು, ಕೆಲಸ ಬಂತು. ಒಂದು ಬೇಸಿಗೆಯಲ್ಲಿ ಗಂಡನನ್ನು ಒಂದು ಮಾತೂ ಕೇಳದೆ ಪೇಟೆಯ ಅಂಗಡಿ ಬಿಟ್ಟು, ತಗಡು, ಯಂತ್ರ, ತೊಟ್ಟಿ ಎಲ್ಲವನ್ನೂ ಹೇರಿಸಿಕೊಂಡು ಈ ನೆತ್ತಿಗೆ ಬಂದರು. ಅದೇ ತಂಗುದಾಣದ ಎದುರಿಗೆ.

"ಇಲ್ಲಿ ಕಾಗೆ ಕೂರಲ್ಲ ಕಣೇ, ಗಿರಾಕಿ ಎಲ್ಲಿ ಬರ್ತಾನೆ ಅಂದೆ," ಎನ್ನುತ್ತಾರೆ ಕ್ಲಚ್ಚಣ್ಣ. "ಕಾಗೆ ಬೈಕ್ ಓಡಿಸಲ್ಲ ಅಂದ್ಲು."

ಅಂದು ನಕ್ಕವರಲ್ಲಿ ಕೆಲವರು ಈಗಲೂ ಅಲ್ಲಿಂದಲೇ ಬಸ್ಸು ಹತ್ತುತ್ತಾರೆ. ವಿಡಿಯೋದಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕ ದನಿಯೊಂದಿದೆ. ಆ ದನಿಯವನು ಆಮೇಲೆ ಬೈಕು ಕೊಂಡ. ಈಗ ಇವರ ಕಾಯಂ ಗಿರಾಕಿ. ಆ ದನಿಯ ಗುರುತು ಇವರಿಗೆ ಸಿಕ್ಕಿರುವುದು ಅವನಿಗೆ ಗೊತ್ತೇ ಎಂದು ಕೇಳಿದರೆ ಗಾಳಿಯಕ್ಕ ಟ್ಯೂಬಿಗೆ ತೇಪೆ ಅಂಟಿಸುತ್ತ ಇಲ್ಲವೆಂದು ತಲೆಯಾಡಿಸುತ್ತಾರೆ. "ಹೇಳಿದ್ರೆ ನಾಚಿಕೊಂಡು ಈ ಕಡೆ ನಿಲ್ಸೋದೇ ಇಲ್ಲ. ನಿಲ್ಸದೇ ಹೋದ್ರೆ ಅವನ ನಾಲಿಗೆ ನೋಡೋರು ಯಾರು?" ಅವನಿಗೂ ಒಂದು ಜೊತೆ ಕೈಗೂಡು ಹೊಲಿದುಕೊಟ್ಟಿದ್ದಾರೆ. ಬೇರೆ ಯಾರಾದರೂ ಆಗಿದ್ದರೆ ಅವನ ಕೊರಳಪಟ್ಟಿ ಹಿಡಿಯುತ್ತಿದ್ದರು, ಹಿಡಿಯಬೇಕಾಗಿತ್ತು ಕೂಡ.

ಮಾತಿಗೆ ಬಗ್ಗದವರ ಬೈಕಿನ ಕೀಯನ್ನು ಗಾಳಿಯಕ್ಕ ಕಿತ್ತುಕೊಳ್ಳುತ್ತಾರೆ. ಇಲ್ಲೇ ಅವರಿಗೆ ಕುತ್ತು ಬಂದದ್ದು. ಈ ಚಳಿಗಾಲದ ಶುರುವಿನಲ್ಲಿ ಕಚೇರಿಯ ಸಾಹೇಬರೊಬ್ಬರು ಬಂದರು. ಹೆಲ್ಮೆಟ್ ತೆಗೆಯಲಿಲ್ಲ, ಗಾಜು ಮಾತ್ರ ಎತ್ತಿದರು. ಸಾಲು ಹೇಳಿ ಎಂದರೆ "ಬ್ಳ ಬ್ಳ" ಎಂದರು. ಇನ್ನೊಂದು ಸಲ ಕೇಳಿದರೆ ಅದೂ ಇಲ್ಲ. ಕೀ ಇವರ ಕೈಗೆ ಬಂತು. ಸಾಹೇಬರನ್ನು ಬೆಂಚಿಗೆ ಕೂರಿಸಿ, ಕಂಬಳಿ ಹೊದಿಸಿ, ಬಿಸಿ ಸಕ್ಕರೆ ನೀರನ್ನು ಒತ್ತಾಯದಿಂದ ಬಾಯಿಗಿಟ್ಟರು. ಅವರು ಸೂರು ಹಾರುವಂತೆ ಚೀರಿದರು. ದವಡೆ ಹಲ್ಲು ಕೊಳೆತು, ಕೆನ್ನೆ ಊದಿ, ಹಲ್ಲು ಕೀಳಿಸಲು ಹೊರಟಿದ್ದ ಮನುಷ್ಯ ಅವರು. ಮಾತು ಹೊರಡದಿದ್ದದ್ದು ಚಳಿಗಲ್ಲ, ಹುಳುಕಿಗೆ.

ಕ್ಲಚ್ಚಣ್ಣ ಇವತ್ತಿಗೂ ಇದನ್ನು ನೆನೆದು ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಸಾಹೇಬರು ನಗಲಿಲ್ಲ. ಕೆಳಗಿನ ಪೊಲೀಸ್ ಚೌಕಿಗೆ ಹೋಗಿ, ದಾರಿಯಲ್ಲಿ ಅಡ್ಡಗಟ್ಟಿ ಕೀ ಕಸಿದರು ಎಂದು ದೂರು ಕೊಟ್ಟರು. ದಫೇದಾರರು ಜೀಪಿನಲ್ಲಿ ಬಂದು ಎಚ್ಚರಿಕೆ ಕೊಟ್ಟು ಹೋದರು. ನಿಲ್ಲಿಸಿ ಕೇಳಬಹುದು, ಕೀ ಮುಟ್ಟುವಂತಿಲ್ಲ. ಇನ್ನೊಂದು ದೂರು ಬಂದರೆ ಅಂಗಡಿ ಎತ್ತಿಸುವುದೇ. ಜಾಗ ರಸ್ತೆ ಇಲಾಖೆಯವರದು, ಅವರು ಒಂದು ಮಾತು ಹೇಳಿದರೆ ಈ ತಗಡು ಸಂಜೆಯೊಳಗೆ ನೆಲದ ಮೇಲಿರುತ್ತದೆ. ಗಂಡನ ಕೈಯಲ್ಲಿ ಬೇರೆ ಕೆಲಸವಿಲ್ಲ, ಕೆಳಗೆ ಪೇಟೆಯಲ್ಲಿ ಇವರ ಜಾಗದಲ್ಲಿ ಬೇರೆಯವರು ಕೂತಾಗಿದೆ.

ಅಲ್ಲಿಂದ ಇವತ್ತಿನವರೆಗೆ ಗಾಳಿಯಕ್ಕ ಯಾರ ಕೀಯನ್ನೂ ಮುಟ್ಟಿಲ್ಲ. ಬಾಯಲ್ಲೇ ಬೈದು, ಪುಸಲಾಯಿಸಿ, ಆಣೆ ಹಾಕಿಸಿ ಒಳಗೆ ಕರೆಯುತ್ತಾರೆ. ಬಾರದವರು ಹೋಗುತ್ತಾರೆ. ಹೋದವರ ಬೈಕಿನ ಸದ್ದು ಕೊನೆಯ ತಿರುವು ದಾಟುವವರೆಗೂ ಕಿವಿಗೊಟ್ಟು ನಿಲ್ಲುತ್ತಾರೆ.

ಹಾಲಿನವನು ಹೋದ ಮೇಲೆ ಬಿಸಿಲು ಇನ್ನೇನು ಬಂಡೆಯ ತುದಿಗೆ ತಾಗಬೇಕು, ಆಗ ಒಂದು ಬೈಕು ಏರು ಹತ್ತಿ ಬರುತ್ತದೆ. ಹಿಂದೆ ದೊಡ್ಡ ಹಳದಿ ಪೆಟ್ಟಿಗೆ. ಪಾರ್ಸಲ್ ಮುಟ್ಟಿಸುವವನು, ಮೂವತ್ತು ದಾಟಿದ ಗಂಡಸು, ಈ ದಾರಿಗೆ ಹೊಸಬ. ಟೈರಿನ ಪಕ್ಕ ನಿಲ್ಲಿಸುತ್ತಾನೆ, ಆದರೆ ಕಾಲು ಊರುವುದನ್ನು ಮರೆಯುತ್ತಾನೆ. ಬೈಕು ವಾಲುತ್ತದೆ. ಗಾಳಿಯಕ್ಕ ಹ್ಯಾಂಡಲ್ ಹಿಡಿದು ನಿಲ್ಲಿಸುತ್ತಾರೆ.

"ಎಲ್ಲಿಗಪ್ಪಾ?"

ಉತ್ತರ ಬರುವುದು ನಿಧಾನ. "ಆ... ಕಡೆ."

"ನಾನು ಹೇಳಿದಂಗೆ ಹೇಳು. ಹಳೇ ಟೈರು ಹೊರಳಿತು."

ಅವನು ಮುಗುಳ್ನಗುತ್ತಾನೆ. ತುಟಿಯ ಬಣ್ಣ ಸ್ಲೇಟಿನಂತಿದೆ. ಕೋಟು ಮಂಜಿಗೆ ತೊಯ್ದು ಅಂಟಿಕೊಂಡಿದೆ, ಮೈಯಲ್ಲಿ ನಡುಕವೇ ಇಲ್ಲ. ಬೆರಳುಗಳು ಸೌದೆಯ ಹಾಗೆ ಕೋಟಿನ ಜಿಪ್ಪನ್ನು ತಡಕುತ್ತವೆ, ಅಂಗೈಯ ಬುಡದಿಂದ ಅದನ್ನು ಕೆಳಗೆ ತಳ್ಳುತ್ತಾನೆ.

"ಬಿಡಿ ಅಕ್ಕ," ಎನ್ನುತ್ತಾನೆ. "ಬೆಚ್... ಬೆಚ್ಚಗಿದೆ."

ಗಾಳಿಯಕ್ಕ ಬೆಚ್ಚಿಬೀಳುತ್ತಾರೆ. ಕೈ ಕೀಯ ಕಡೆ ಹೋಗಿ, ಅರ್ಧದಲ್ಲಿ ನಿಲ್ಲುತ್ತದೆ. ಬಾಗಿಲಲ್ಲಿ ನಿಂತ ಗಂಡ ಅದನ್ನು ನೋಡುತ್ತಾರೆ.

"ಕೀ ಮುಟ್ಬೇಡ ಕಣೇ. ದಫೇದಾರ್ರು ಹೇಳಿದ್ದು ಮರೆತ್ಯಾ? ಮಾತಲ್ಲೇ ಕರಿ. ಈ ಅಂಗಡಿ ಹೋದ್ರೆ ಎಲ್ಲಿಗೆ ಹೋಗೋಣ?"

"ಬಾರಪ್ಪ, ಒಳಗೆ ಒಂದು ಲೋಟ ಬಿಸಿನೀರು ಕುಡ್ಕೊಂಡು ಹೋಗು," ಎಂದು ಗಾಳಿಯಕ್ಕ ಮಾತಿನಲ್ಲೇ ಕರೆಯುತ್ತಾರೆ.

"ತಡ ಆಗುತ್ತೆ." ಅವನು ಬೈಕಿನಿಂದ ಜಾರಿದಂತೆ ಇಳಿಯುತ್ತಾನೆ. ಒಳಗೆ ಬರಲು ಅಲ್ಲ. ಬೈಕಿನ ಪಕ್ಕ ಕುಕ್ಕರಿಸಿ, ಎರಡೂ ಕೈಗಳನ್ನು ಸೈಲೆನ್ಸರ್‌ನತ್ತ ಚಾಚುತ್ತಾನೆ.

ಕ್ಲಚ್ಚಣ್ಣ ಬಾಗಿಲಿನಿಂದ ಹಾರಿ ಬಂದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಬಿದ್ದದ್ದು ಅವರ ಬಲಗೈ, ಎರಡು ಬೆರಳಿಲ್ಲದ ಕೈ, ಪಾರ್ಸಲ್ಲಿನವನ ಮಣಿಕಟ್ಟಿನ ಮೇಲೆ. ಏಟಿಗೆ ಅವನು ಹಿಂದಕ್ಕೆ ಉರುಳುತ್ತಾನೆ. "ತೆಗಿಯೇ ಕೀನ," ಎನ್ನುತ್ತಾರೆ ಕ್ಲಚ್ಚಣ್ಣ. "ಅಂಗಡಿ ಹಾಳಾಗಿ ಹೋಗ್ಲಿ."

ಕೀ ಅಷ್ಟರಲ್ಲೇ ಗಾಳಿಯಕ್ಕನ ಸೊಂಟದ ಚೀಲದಲ್ಲಿರುತ್ತದೆ.

ಗಂಡ ಹೆಂಡತಿ ಸೇರಿ ಅವನನ್ನು ಒಳಗೆ ಎತ್ತಿಕೊಂಡು ಹೋಗುತ್ತಾರೆ, ಒದ್ದೆ ಬಟ್ಟೆ ಕಳಚಿ ಕಂಬಳಿಯಲ್ಲಿ ಸುತ್ತುತ್ತಾರೆ. ಆಸ್ಪತ್ರೆಯ ಗಾಡಿಗೆ ಫೋನು ಹೋಗುತ್ತದೆ. ಅದು ಕೆಳಗಿನಿಂದ ಹತ್ತಿ ಬರಲು ಹೊತ್ತು ಹಿಡಿಯುತ್ತದೆ. ಅವನ ಕೋಟಿನ ಜೇಬಿನಲ್ಲಿ ಇನ್ನೊಂದು ಫೋನು ಬಡಿದುಕೊಳ್ಳುತ್ತದೆ. ಎತ್ತಿದರೆ ಪಾರ್ಸಲ್ ಕಂಪನಿಯವನು.

"ಗಾಡಿ ಒಂದೇ ಕಡೆ ನಿಂತಿದೆ. ಯಾಕೆ?"

"ಅವನಿಗೆ ಹುಷಾರಿಲ್ಲ. ಚಳಿ ಹೊಡ್ದಿದೆ," ಎನ್ನುತ್ತಾರೆ ಗಾಳಿಯಕ್ಕ.

"ನೀವ್ಯಾರು? ಅವನ ಫೋನ್ ನಿಮ್ಮ ಹತ್ರ ಯಾಕಿದೆ? ಬೈಕ್ ಕೀ ಎಲ್ಲಿ?"

"ನನ್ನ ಹತ್ರ ಇದೆ."

ಆಚೆಯವನು ಫೋನು ಇಟ್ಟುಬಿಡುತ್ತಾನೆ. ಮನುಷ್ಯ ಬದುಕಿದ್ದಾನೆಯೇ ಎಂದು ಅವನು ಕೇಳಲಿಲ್ಲ. ಇದನ್ನು ಎರಡು ಸಲ ಓದಿ. ಕೇಳಲಿಲ್ಲ. ನೇರ ಚೌಕಿಗೆ ಫೋನು ಮಾಡಿದ, ನಮ್ಮ ಗಾಡಿ ತಡೆದು ಕೀ ಕಸಿದಿದ್ದಾರೆ ಎಂದು.

ಪಾರ್ಸಲ್ಲಿನವನಿಗೆ ಮೊದಲು ಬರುವುದು ನಡುಕ. ಹಲ್ಲು ಕಟಕಟ ಎನ್ನುತ್ತವೆ, ಬೆಂಚು ಅಲುಗಾಡುತ್ತದೆ. ಗಾಳಿಯಕ್ಕ ಆ ಸದ್ದಿಗೆ ಗೋಡೆಗೊರಗಿ ಕಣ್ಣು ಮುಚ್ಚುತ್ತಾರೆ. ನಡುಕ ಬಂತೆಂದರೆ ಮೈ ಮತ್ತೆ ಹೋರಾಡುತ್ತಿದೆ. ಆಮೇಲೆ ಅವನಿಗೆ ಬರುವುದು ಸಿಟ್ಟು.

"ಕೀ ಕೊಡಿ. ಯಾರ್ರೀ ನೀವು? ಇವತ್ತು ತಡ ಆದ್ರೆ ನನ್ನ ತೆಗೆದುಹಾಕ್ತಾರೆ."

"ಬಯ್ಯಿ," ಎನ್ನುತ್ತಾರೆ ಗಾಳಿಯಕ್ಕ. "ಇನ್ನೂ ಸ್ವಲ್ಪ ಬಯ್ಯಿ. ಸ್ಪಷ್ಟವಾಗಿ ಬರ್ತಿದೆ."

ಅವನು ಸುತ್ತ ನೋಡುತ್ತಾನೆ. ತಗಡು, ತೂಗುಹಾಕಿದ ಟ್ಯೂಬುಗಳು, ಒಲೆ. ಹುಬ್ಬು ಗಂಟಾಗುತ್ತದೆ. "ಇದು ಎಲ್ಲಿ? ನಾನು ಸೇತುವೆ ದಾಟಿದ್ನಾ?"

ಸೇತುವೆ ಇರುವುದು ಬೆಟ್ಟದ ಬುಡದಲ್ಲಿ. ಅಲ್ಲಿಂದ ಇಲ್ಲಿಯವರೆಗಿನ ಒಂದು ತಿರುವೂ ಅವನ ನೆನಪಿನಲ್ಲಿಲ್ಲ. ಅಷ್ಟು ದೂರ ಬೈಕನ್ನು ಓಡಿಸಿಕೊಂಡು ಬಂದವನು ಯಾರೋ, ಅವನಿಗೆ ಗೊತ್ತಿಲ್ಲ. ಕ್ಲಚ್ಚಣ್ಣ ಅದನ್ನು ಬಿಡಿಸಿ ಹೇಳಿದಾಗ ಅವನ ಸಿಟ್ಟು ಬಾಯಲ್ಲೇ ನಿಲ್ಲುತ್ತದೆ. ಬಾಗಿಲಾಚೆ, ರಸ್ತೆ ಕೆಳಗಿಳಿಯುವ ಕಡೆಗೆ ನೋಡುತ್ತ ಕೂರುತ್ತಾನೆ. 

ಆಸ್ಪತ್ರೆಯ ಗಾಡಿಗಿಂತ ಮುಂಚೆ ದಫೇದಾರರ ಜೀಪು ಬರುತ್ತದೆ. ಅವರು ಇಳಿದು, ಬೈಕಿನ ಖಾಲಿ ಕೀ ತೂತನ್ನು ಬಗ್ಗಿ ನೋಡಿ, ಒಳಗೆ ಬರುತ್ತಾರೆ. ವಯಸ್ಸಾದ ಮನುಷ್ಯ, ಇಂಥ ಕೆಲಸ ಅವರಿಗೂ ಇಷ್ಟವಿಲ್ಲ ಎಂದು ಮುಖದಲ್ಲೇ ಕಾಣುತ್ತದೆ.

"ಏನಮ್ಮ, ಹೇಳಿದ್ದೆ ತಾನೆ?"

"ಹೇಳಿದ್ರಿ ಸಾರ್."

"ಕಿತ್ಕೊಂಡ್ಯಾ?"

"ಕಿತ್ಕೊಂಡೆ."

ದಫೇದಾರರು ಬೆಂಚಿನ ಕಡೆ ತಿರುಗುತ್ತಾರೆ. "ನೀನು ಹೇಳಪ್ಪ. ನೀನಾಗೇ ಕೊಟ್ಯೋ, ಬಲವಂತವಾಗಿ ಕಿತ್ಕೊಂಡ್ರೋ?"

ಅವನು ಕಂಬಳಿಯೊಳಗಿಂದ ಕೈ ಹೊರತೆಗೆದು ನೋಡಿಕೊಳ್ಳುತ್ತಾನೆ. ಬೆರಳುಗಳನ್ನು ಮಡಚಲು ಯತ್ನಿಸುತ್ತಾನೆ. ಅರ್ಧಕ್ಕೆ ಮಡಚುತ್ತವೆ.

"ಕಿತ್ಕೊಂಡ್ರು ಸಾರ್," ಎನ್ನುತ್ತಾನೆ. "ನಾನಾಗೇ ಕೊಡೋಕೆ ನನ್ನ ಹತ್ರ ಬೆರಳೂ ಇರ್ಲಿಲ್ಲ, ಬುದ್ಧೀನೂ ಇರ್ಲಿಲ್ಲ. ನನ್ನ ಕಡೆಯಿಂದ ದೂರು ಇಲ್ಲ."

ದಫೇದಾರರು ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಾರೆ. ಒಲೆಯ ಹತ್ತಿರಕ್ಕೆ ಬಂದು ದನಿ ತಗ್ಗಿಸುತ್ತಾರೆ.

"ಇವತ್ತಿಂದು ಬಿಟ್ಟೆ. ಆದ್ರೆ ನಾಳೆ ಇನ್ನೊಬ್ಬ ಇವನಂಗೆ ಹೇಳಲ್ಲ. ನೋಡಮ್ಮ, ಕೀ ಕಿತ್ಕೊಂಡ್ರೆ ನಾನು ಕೇಸ್ ಬರೀಲೇಬೇಕು. ಅದರ ಬದ್ಲು ಒಂದು ಕೆಲ್ಸ ಮಾಡು. ನಿಂದು ಪಂಕ್ಚರ್ ಅಂಗಡಿ. ಇಲ್ಲಿ ನಿಂತ ಗಾಡೀಲಿ ಗಾಳಿ ಇಲ್ಲ ಅಂದ್ರೆ ಯಾರು ಯಾರ ಮೇಲೆ ದೂರು ಕೊಡ್ತಾರೆ? ವಾಲ್ವಿಗೆ ಒಂದು ಕಡ್ಡಿ ಒತ್ತಿದ್ರೆ ಮುಗೀತು. ಪಂಕ್ಚರ್ ಆಗಿದೆ, ಒಳಗೆ ಕೂತ್ಕೊಳ್ಳಿ ಅನ್ನು. ನಿಂಗೂ ತೊಂದ್ರೆ ಇಲ್ಲ, ನಂಗೂ ಇಲ್ಲ."

ಕ್ಲಚ್ಚಣ್ಣನ ಮುಖ ಅರಳುತ್ತದೆ. "ಆಹಾ, ಇದು ನಮ್ಮ ತಲೆಗೆ ಹೊಳೀಲೇ ಇಲ್ವಲ್ಲೇ," ಎಂದು ಹೆಂಡತಿಯ ಕಡೆ ನೋಡುತ್ತಾರೆ. ಬೆಂಚಿನ ಮೇಲಿನವನೂ ತಲೆದೂಗುತ್ತಾನೆ. ಅಂಗಡಿ ಉಳಿಯಿತು, ಸವಾರರೂ ಉಳಿದರು ಎಂದು ಆ ಗಂಡಸರು ಮೂವರೂ ತೀರ್ಮಾನಿಸಿಬಿಟ್ಟಿದ್ದಾರೆ.

ಗಾಳಿಯಕ್ಕ ಮಾತ್ರ ನಗುವುದಿಲ್ಲ. ಚಿಂದಿಬಟ್ಟೆಗೆ ಕೈ ಒರೆಸಿಕೊಂಡು, ಸೊಂಟದ ಚೀಲದಿಂದ ಹಳದಿ ಪೆಟ್ಟಿಗೆಯ ಬೈಕಿನ ಕೀ ತೆಗೆದು ದಫೇದಾರರ ಅಂಗೈಯಲ್ಲಿಡುತ್ತಾರೆ.

"ಪಂಕ್ಚರ್ ಅಂಗಡಿಯೋರೇ ರಸ್ತೆಗೆ ಮೊಳೆ ಚೆಲ್ತಾರೆ ಅಂತ ಜನ ಆಡ್ಕೊತಾರೆ ಸಾರ್. ನಾನು ಈ ಕೈಯಿಂದ ಇವತ್ತಿನವರೆಗೂ ಒಂದೇ ಒಂದು ಒಳ್ಳೆ ಚಕ್ರದ ಗಾಳಿ ಬಿಟ್ಟಿಲ್ಲ, ಬಿಡೋದೂ ಇಲ್ಲ. ಕೀನೇ ಕಿತ್ಕೊತೀನಿ. ನೀವು ಕೇಸ್ ಬರ್ಕೊಳ್ಳಿ."